ಬೆಳಿಗ್ಗೆ ಹೇಳಿದ್ದನ್ನೇ

ಶನಿವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. “ಬೆಳಿಗ್ಗೆ ಹೇಳಿದ್ದನ್ನೇ ಈಗಲೂ ಹೇಳ್ತಿದ್ದೀವಲ್ಲ ಮಗಾ, ನಿನಗೆ ಯಾವುದು ಬೇರೆ ಅನ್ನಿಸ್ತು?”

ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ನನ್ನ ಸಹೋದ್ಯೋಗಿಯ ತಾಯಿಯ ಮಣ್ಣಿಗೆ ಹೋಗಿದ್ದೆ. ಜೋಹಾನ್ಸ್‌ಬರ್ಗಿಗೆ ಬಂದು ಏಳು ವರ್ಷವಾದರೂ ಇಲ್ಲಿಯ ಸಾವಿನ ಮನೆಯೊಳಗೆ ಕಾಲಿಟ್ಟಿದ್ದು ಇದೇ ಮೊದಲು. ಬೆಳಕು ಹರಿಯುವಾಗ ತಲುಪಿದೆ. ರಾತ್ರಿಯಿಡೀ ಶವದ ಜೊತೆ ಎಚ್ಚರ ಕೂತಿದ್ದ ಹೆಂಗಸರು ಇನ್ನೂ ಹಾಡುತ್ತಿದ್ದರು. ಹಾರ್ಮೋನಿಯಂ ಇಲ್ಲ, ಡೋಲು ಇಲ್ಲ. ಒಂದು ಅಂಗೈಗೆ ಸಿಕ್ಕಿಸಿಕೊಂಡ ಪುಟ್ಟ ಚರ್ಮದ ದಿಂಬು, ಅದಕ್ಕೆ ಇನ್ನೊಂದು ಅಂಗೈಯ ಹೊಡೆತ. ಧಪ್, ಧಪ್. ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಹಾಡಿನಲ್ಲಿ ಮತ್ತೆ ಮತ್ತೆ ಜೆರುಸಲೇಮಿನ ಹೆಸರು ಬರುತ್ತಿತ್ತು. ಸತ್ತವರು ಹೋಗಿ ಸೇರುವ ಮನೆ ಅದು.

ಸ್ಮಶಾನದಿಂದ ಮರಳಿದಾಗ ಗೇಟಿನಲ್ಲೇ ಇಟ್ಟಿದ್ದ ಬೋಗುಣಿಯಲ್ಲಿ ಕೈ ತೊಳೆದು ಒಳಗೆ ಹೋದೆವು. ನಮ್ಮೂರಲ್ಲೂ ಹೀಗೇ ಅಲ್ಲವೇ, ನೀರು ಮುಟ್ಟದೆ ಹೊಸ್ತಿಲು ದಾಟುವ ಹಾಗಿಲ್ಲ. ಊಟವಾಯಿತು. ಹೊರಡೋಣ ಎನ್ನುವಷ್ಟರಲ್ಲಿ ಹಿತ್ತಲಲ್ಲಿ ಆಳೆತ್ತರದ ಸ್ಪೀಕರು ಬಂತು. ಇದಕ್ಕೆ ‘ಆಫ್ಟರ್ ಟಿಯರ್ಸ್’ ಅನ್ನುತ್ತಾರೆ, ಅತ್ತು ಮುಗಿದ ಮೇಲಿನದು. ಇಲ್ಲಿಯವರು ಕುಣಿಯುವ ನಾಲ್ಕಾರು ಅಮಾಪಿಯಾನೊ ಹಾಡುಗಳಾದ ಮೇಲೆ ‘ಜೆರುಸಲೇಮಾ’ ಹಾಕಿದರು. ಆವರೆಗೂ ಕುರ್ಚಿಯಲ್ಲಿ ಕೂತಿದ್ದ ಸತ್ತವರ ತಂಗಿ, ಎಪ್ಪತ್ತು ದಾಟಿದ ಗೋಗೋ (ಅಜ್ಜಿ), ಎದ್ದು ಹೆಜ್ಜೆ ಹಾಕತೊಡಗಿದರು. ಅಂಗೈಯಲ್ಲಿ ಅದೇ ದಿಂಬು!

ಪಕ್ಕಕ್ಕೆ ಬಂದಾಗ ಕೇಳಿದೆ, “ಗೋಗೋ, ಇದು ದೇವರ ಹಾಡಲ್ವಾ? ಇವತ್ತೇ ಕುಣಿಯಬಹುದಾ?” ಅದಕ್ಕೆ ಅವರು ಕೇಳಿದ್ದು ಆ ಮಾತು. ಸಿಟ್ಟಿನಿಂದಲ್ಲ, ನಾನು ಏನು ಕೇಳುತ್ತಿದ್ದೇನೆಂದು ನಿಜಕ್ಕೂ ಅರ್ಥವಾಗದೆ ಕೇಳಿದರು.

ಈ ಹಾಡನ್ನು ಕೇಳದವರು ಕಡಿಮೆ. ಲಿಂಪೊಪೊ ಪ್ರಾಂತ್ಯದ ಮಾಸ್ಟರ್ ಕೆಜಿ ಸಂಗೀತ ಕಟ್ಟಿ, ನೊಮ್ಸೆಬೊ ಝಿಕೋಡೆ ಜುಲು ಭಾಷೆಯಲ್ಲಿ ಹಾಡಿ, 2019ರ ಕೊನೆಯಲ್ಲಿ ಹೊರಬಂತು. 2020ರಲ್ಲಿ ಅಂಗೋಲಾದ ಹುಡುಗ ಹುಡುಗಿಯರು ಊಟದ ತಟ್ಟೆ ಕೈಯಲ್ಲಿ ಹಿಡಿದೇ ಕುಣಿದ ವಿಡಿಯೊ ಬಂದ ಮೇಲೆ ಎಲ್ಲೆಲ್ಲಿಯ ನರ್ಸುಗಳು, ಪೊಲೀಸರು, ಸನ್ಯಾಸಿನಿಯರೆಲ್ಲ ಅದೇ ಹೆಜ್ಜೆ ಹಾಕಿದರು. ಆ ಸೆಪ್ಟೆಂಬರ್ 24ರ ಪರಂಪರೆ ದಿನಕ್ಕೆ ಎಲ್ಲರೂ ಕುಣಿಯಿರಿ ಎಂದು ಅಧ್ಯಕ್ಷ ರಾಮಫೋಸಾ ಅವರೇ ಕರೆ ಕೊಟ್ಟರು. ನಾನೂ ಆಫೀಸಿನ ಟೆರೇಸಿನಲ್ಲಿ ಕುಣಿದವರಲ್ಲಿ ಒಬ್ಬ, ಅರ್ಥ ಕೇಳಲೇ ಇಲ್ಲ. ಅರ್ಥ ಇಷ್ಟೇ: ಜೆರುಸಲೇಮ್ ನನ್ನ ಮನೆ, ನನ್ನ ಜಾಗ ಇಲ್ಲಿಲ್ಲ, ನನ್ನನ್ನು ಕಾಪಾಡು, ಇಲ್ಲೇ ಬಿಟ್ಟುಹೋಗಬೇಡ. ಸಾಯುವವರು ಆಡುವ ಮಾತು. ಅಡಿಯಲ್ಲಿ ಕ್ಲಬ್ಬುಗಳಲ್ಲಿ ಕುಣಿಸುವ ಹೌಸ್ ಸಂಗೀತದ ಬಡಿತ.

ಮೊನ್ನೆ ಗೊತ್ತಾದ ಇನ್ನೊಂದು ಸಂಗತಿ ಮನಸ್ಸು ಬಿಡುತ್ತಿಲ್ಲ. ನನ್ನ ಸಹೋದ್ಯೋಗಿಯ ಅಪ್ಪ ತೀರಿಕೊಂಡಿದ್ದು ಅದೇ 2020ರ ಜುಲೈನಲ್ಲಿ. ಆಗ ಮಣ್ಣಿಗೆ 50 ಜನ ಮಾತ್ರ ಇರಬಹುದಿತ್ತು, ರಾತ್ರಿ ಜಾಗರಣೆಗೆ ನಿಷೇಧ. ಇಡೀ ಜಗತ್ತು ಆ ಹಾಡಿಗೆ ಕುಣಿಯುತ್ತಿದ್ದ ದಿನಗಳಲ್ಲಿ ಈ ಮನೆಯವರಿಗೆ ಮಾತ್ರ ಕುಣಿಯಲು ಆಗಲಿಲ್ಲ. “ಇವತ್ತಿನದು ಇಬ್ಬರಿಗೂ” ಅಂದಳು ಅವಳು, ಬೆವರು ಒರೆಸಿಕೊಳ್ಳುತ್ತಾ. ಇಂಥ ಮನೆಯವರ ಎದುರು ಇದು ಭಕ್ತಿಯೋ ಮನರಂಜನೆಯೋ ಎಂದು ಕೇಳುವುದು ತಪ್ಪು. ನಾನು ಕೇಳಿದ್ದೂ ತಪ್ಪೇ.

ಇಲ್ಲಿಯವರಿಗೆ ಇದು ಹೊಸದೂ ಅಲ್ಲ. ಅದೇ ಲಿಂಪೊಪೊದ ಮೊರಿಯಾದಲ್ಲಿ ಝಯಾನ್ ಕ್ರಿಶ್ಚಿಯನ್ ಚರ್ಚಿನ ಗಂಡಸರು ಖಾಕಿ ತೊಟ್ಟು, ದಪ್ಪ ಬಿಳಿ ಬೂಟು ಹಾಕಿ, ಜಿಗಿದು ನೆಲ ಗುದ್ದಿ ಕುಣಿಯುತ್ತಾರೆ. ಅವರಿಗೆ ಅದು ಪ್ರಾರ್ಥನೆಯೇ. ಕ್ಲಬ್ಬಿನ ಬಡಿತ ಚರ್ಚಿಗೆ ನುಗ್ಗಿತು ಎಂದು ಗೊಣಗುವವರು ಆ ಬೂಟುಗಳ ಸದ್ದನ್ನೊಮ್ಮೆ ಕೇಳಬೇಕು.

ಸಾವಿನ ದಿನ ಕುಣಿಯುವುದು ನಮ್ಮಲ್ಲೂ ಇದೆಯಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಹೆಣ ಸಾಗುವಾಗ ಮುಂದೆ ತಮಟೆ, ತಮಟೆಯ ಮುಂದೆ ಕುಣಿತ. ಅಮ್ಮ ರಟ್ಟೆ ಹಿಡಿದು ಒಳಗೆಳೆದು ಬಾಗಿಲು ಹಾಕುತ್ತಿದ್ದಳು. ಕುಡಿದು ಕುಣೀತಾರೆ, ನೋಡಬಾರದು ಅನ್ನುವುದು. ಸಂಜೆ ದೇವರ ಮುಂದೆ ಕೂತು ಅವಳೇ ಹಾಡುತ್ತಿದ್ದದ್ದು ಗೆಜ್ಜೆ ಕಟ್ಟಿ ಕುಣಿದ ದಾಸರ ಪದಗಳನ್ನು. ಆ ಮುಚ್ಚಿದ ಬಾಗಿಲಲ್ಲಿ ಜಾತಿಯೂ ಇತ್ತು ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ಗೋಗೋಗೆ ಆ ಪ್ರಶ್ನೆ ಕೇಳಿದ ನಾಲಿಗೆ ಆ ಬಾಗಿಲ ಹಿಂದೆಯೇ ಬೆಳೆದದ್ದು.

ಭಾನುವಾರ ಅಮ್ಮನಿಗೆ ಫೋನಿನಲ್ಲಿ ಬೆಳಗಿನ ಜಾವದ ಹಾಡು ಕೇಳಿಸಿದೆ, ಆಮೇಲೆ ಹಿತ್ತಲಿನದು. ತಮಟೆಯ ಮಾತು ಎತ್ತಬೇಕೆಂದಿದ್ದೆ, ಆಗಲಿಲ್ಲ. ಅವಳು ಎರಡನ್ನೂ ಪೂರ್ತಿ ಕೇಳಿ, “ಆ ಧಪ್ ಧಪ್ ಅನ್ನೋದು ಏನೋ?” ಅಂದಳು. ದಿಂಬಿನ ವಿಷಯ ಹೇಳಿದೆ.

“ಬರುವಾಗ ಒಂದು ತಗೊಂಡು ಬಾ. ಭಜನೇಲಿ ತಾಳ ಹಿಡಿಯೋಕೆ ಈಗೀಗ ಬೆರಳು ನೋಯುತ್ತೆ.”