ತೊಟ್ಟಿಲ ಬಿಟ್ಟು ಇಳಿದ ಬಸವಣ್ಣ

ನಮ್ಮ ಕಡೆ ಬಸವ ಜಯಂತಿ ಅಂದ್ರ ಮುಂಜಾನೆ ಎತ್ತಿನ ಮೆರವಣಿಗಿ, ಸಂಜಿಕ ತೊಟ್ಟಿಲು. ಕಟ್ಟಿಗಿ ತೊಟ್ಟಿಲಕ್ಕ ಚೆಂಡುಹೂವಿನ ಮಾಲಿ ಸುತ್ತಿ, ಒಳಗ ಗುಳೇದಗುಡ್ಡದ ಖಣ ಹಾಸಿ, ಅದರ ಮ್ಯಾಲೆ ಬಸವಣ್ಣನ ಫೋಟೋ ಮಲಗಿಸಿ, ಓಣಿ ಹೆಣ್ಮಕ್ಕಳೆಲ್ಲ ಸುತ್ತ ಕುಂತು ಜೋಗುಳ ಹಾಡ್ತೀವಿ. ಒಬ್ಬಾಕಿ ಬಗ್ಗಿ ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಬೇಕು, ಹೇಳೂಮುಂದ ಉಳಿದೋರು ಆಕಿ ಬೆನ್ನಿಗೆ ಗುದ್ದಬೇಕು, ಆಮ್ಯಾಲೆ ಗುಗ್ಗರಿ. ನಾ ಸಣ್ಣಾಕಿದ್ದಾಗಿಂದ ಇದನ್ನ ಮಾಡ್ಕೊಂತ ಬಂದೀನಿ, ಭಾಳ ಖುಷಿ ಕೊಡೋ ಹಬ್ಬ. ಆದ್ರ 2024ರ ಜಯಂತಿ ಆದಮ್ಯಾಲೆ ತೊಟ್ಟಿಲದ ಹಗ್ಗ ಹಿಡದಾಗೆಲ್ಲ ಒಂದು ಮಾತು ಚುಚ್ಚತೈತಿ, ಅದನ್ನ ಬರೀಬೇಕು ಅನ್ಸಿತು.

ನಾ ಸಾಲಿ ಟೀಚರ್. ಬಸವ ಜಯಂತಿ ಬ್ಯಾಸಿಗಿ ಸೂಟ್ಯಾಗ ಬಂದ್ರೂ ಸಾಲಿಗೆ ಹೋಗಿ ಫೋಟೋಕ್ಕ ಪೂಜೆ ಮಾಡಿ, ಬಂದಷ್ಟು ಮಕ್ಕಳ ಮುಂದ ಭಾಷಣ ಮಾಡೋದು ರೂಢಿ. ಇಪ್ಪತ್ತು ವರ್ಷದ ಮ್ಯಾಲಾತು, ಭಾಷಣ ಹೆಚ್ಚುಕಡಿಮಿ ಅದ. ಬಸವಣ್ಣ ಎಂಟು ವರ್ಷದವ ಇದ್ದಾಗ ಅಪ್ಪ ಮಾದರಸ ಮುಂಜಿ ಮಾಡಾಕ ಹೊಂಟ, ಅಕ್ಕ ನಾಗಮ್ಮಗ ಇಲ್ಲದ್ದು ನನಗ್ಯಾಕ ಅಂತ ಹುಡುಗ ಕೇಳಿದ, ಮನಿ ಬಿಟ್ಟ, ಕೂಡಲಸಂಗಮಕ್ಕ ಬಂದ. ಕಡೀಗೆ, ನೀವೂ ಹಿಂಗ ಪ್ರಶ್ನೆ ಮಾಡ್ರಿ, ಹತ್ತು ಮಂದಿ ಹೋದ ಕಡೆ ಕುರಿಯಂಗ ಹೋಗಬ್ಯಾಡ್ರಿ ಅಂತ ಮುಗಿಸಿದ್ರ ಚಪ್ಪಾಳಿ. ಮನ್ಯಾಗೂ ನನ್ನ ಇಬ್ಬರು ಮಕ್ಕಳಿಗೆ ಇದನ್ನ ಹೇಳ್ಕೊಂತ ಬೆಳೆಸೀನಿ. ಹೇಳಾಕೇನು, ರೊಕ್ಕ ಬೀಳತೈತೇನು!

ಆ ವರ್ಷ ಮೇ 7ಕ್ಕ ನಮ್ಮ ಬಾಗಲಕೋಟೆಯಾಗ ಲೋಕಸಭಾ ಎಲೆಕ್ಷನ್. ಡ್ಯೂಟಿ ಮುಗಿಸಿ ಮಸ್ಟರಿಂಗ್ ಸೆಂಟರ್‌ನಿಂದ ಮನಿಗೆ ಬರೂದ್ರಾಗ ನಡುರಾತ್ರಿ ದಾಟಿತ್ತು. ನಿದ್ದಿ ಪೂರಾ ಆಗೂದ್ರಾಗ 9ಕ್ಕ ಎಸ್ಸೆಸ್ಸೆಲ್ಸಿ ರಿಸಲ್ಟ್, 10ಕ್ಕ ಜಯಂತಿ. 625ಕ್ಕ 625 ತಗೊಂಡು ರಾಜ್ಯಕ್ಕ ಫಸ್ಟ್ ಬಂದ ಹುಡುಗಿ ನಮ್ಮ ಜಿಲ್ಲಾದಾಕಿನ, ಹಂಗಾಗಿ ಊರತುಂಬ ಮಾರ್ಕ್ಸಿಂದ ಮಾತು. ನಮ್ಮ ಹುಡುಗನ್ವು 571. ಫೋನ್ ಮ್ಯಾಲೆ ಫೋನ್. ಧಾರವಾಡಕ್ಕ ಹಾಕ್ರಿ, ಅಲ್ಲಾ ಮಂಗಳೂರ ಕಡೆ ಹಾಕ್ರಿ, ಹಾಸ್ಟೆಲ್ ಸೀಟ್ ಈಗ ಹಿಡೀರಿ ಅಂತ ಎಲ್ಲಾರೂ ಹೇಳೋರ. ನಮ್ಮ ಮನಿಯವರು ಆಗಲೇ ಫೀಸಿನ ಲೆಕ್ಕ ಹಾಕಾಕತ್ತಿದ್ರು.

ರಾತ್ರಿ ಊಟಕ್ಕ ಕುಂತಾಗ ಹುಡುಗ ರೊಟ್ಟಿ ಮುರಕೊಂತ, ಮಾರಿ ಎತ್ತಲಾರದ, "ಅವ್ವಾ, ನಾ ಆರ್ಟ್ಸ್ ತಗೊಂತೀನಿ" ಅಂದ.

ಮೊದಲು ಚಾಷ್ಟಿ ಅನ್ಕೊಂಡ್ವಿ. ಚಾಷ್ಟಿ ಆಗಿರಲಿಲ್ಲ. ಎಂಟನೇತ್ತ ಇದ್ದಾಗ ಬಾದಾಮಿಗೆ ಟ್ರಿಪ್ ಹೋಗಿದ್ದ, ಅಲ್ಲಿ ಬಂಡಿಗಲ್ಲಿನ ಮ್ಯಾಲಿನ ಕಪ್ಪೆ ಅರಭಟ್ಟನ ಶಾಸನ ನೋಡಿ ಬಂದಾಗಿಂದ ಇವನಿಗೆ ಹುಚ್ಚು, ಪಟ್ಟದಕಲ್ಲಿಗೆ ಹೋದ್ರ ಗುಡಿ ನೋಡೂದಿಲ್ಲ, ಕಂಬದ ಮ್ಯಾಲೆ ಅಕ್ಷರ ಹುಡುಕ್ಕೊಂತ ನಿಂದರತಾನ. ಹಿಸ್ಟರಿ ಮತ್ತ ಐಚ್ಛಿಕ ಕನ್ನಡ ತಗೊಂತೀನಿ, ಆಮ್ಯಾಲೆ ಧಾರವಾಡ ಯೂನಿವರ್ಸಿಟ್ಯಾಗ ಶಾಸನ ಓದಾಕ ಕಲಸೋ ವಿಭಾಗನ ಐತಿ, ಅಲ್ಲಿಗೆ ಹೋಗ್ತೀನಿ ಅಂದ. ಎಲ್ಲಾ ಹುಡುಕಿ ಇಟ್ಕೊಂಡಿದ್ದ. ಇವರು ತಾಟ ಸರಿಸಿ ಎದ್ದು ಹೋದ್ರು. ನನ್ನ ಬಾಯಿಂದ ಬಂದ ಮೊದಲನೇ ಮಾತು ಯಾವುದು ಗೊತ್ತೇನು? "ಮಂದಿ ಏನಂತಾರೋ?"

ನನ್ನ ದೊಡ್ಡ ಮಗಳು ನರ್ಸಿಂಗ್ ಓದಾಕತ್ತಾಳ, ಸೂಟಿಗಂತ ಬಂದಿದ್ಳು. ಆಕಿ ನೀರಿನ ಚರಿಗಿ ಕೆಳಗಿಟ್ಟು ಮೆಲ್ಲಕ ಕೇಳಿದ್ಳು, "ಅವ್ವಾ, ನಾಳಿನ ಭಾಷಣ ರೆಡಿ ಆತೇನು?"

ಹೊಡದಿದ್ರ ಸೈತ ಅಷ್ಟು ಹತ್ತತಿರಲಿಲ್ಲ.

ರಾತ್ರಿ ನಿದ್ದಿ ಬರಲಿಲ್ಲ. ಇಷ್ಟು ವರ್ಷ ಬಸವಣ್ಣನ ಕಥಿ ಹೇಳ್ಕೊಂತ ಬಂದೀನಿ, ಹೇಳುವಾಗೆಲ್ಲ ನಾ ಬಸವಣ್ಣನ ಕಡೆನ ಅದೀನಿ ಅಂತ ತಿಳ್ಕೊಂಡಿದ್ದೆ. ಆದ್ರ ಆ ಕಥ್ಯಾಗ ನನ್ನ ಪಾತ್ರ ಮಾದರಸಂದು! ಪಾಪ ಆತನೂ ಕೆಟ್ಟವ ಏನಲ್ಲ, ಊರಾಗ ಮರ್ಯಾದಿ ಇದ್ದ ಮನಷ್ಯ, ಮಗಗ ಎಲ್ಲಾರ ಮಕ್ಕಳಿಗೆ ಆದಂಗ ಆಗ್ಲಿ ಅಂತ ಪೆಂಡಾಲ್ ಹಾಕ್ಸಿ ಬೀಗರನ್ನ ಕರಸಿರಬೇಕು, ಅಷ್ಟರಾಗ ಹುಡುಗ ಒಲ್ಲೆ ಅಂದ. ಬಸವಣ್ಣ ಹುಟ್ಟಲಿ, ಆದ್ರ ಬಾಜೂ ಮನ್ಯಾಗ ಹುಟ್ಟಲಿ ಅನ್ನೋ ಜಾತಿ ನಮ್ದು. ಆ ವರ್ಷ ಜನವರ್‍ಯಾಗ ಸರ್ಕಾರ ಬಸವಣ್ಣನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಣೆ ಮಾಡಿತ್ತು, ಆಫೀಸ್ ಆಫೀಸಿನ್ಯಾಗ ಫೋಟೋ ಬಂದ್ವು. ಗ್ವಾಡಿ ಮ್ಯಾಲೆ ಫೋಟೋ ಇದ್ರ, ತೊಟ್ಟಿಲದಾಗ ಕೂಸಾಗಿ ಮಲಗಿದ್ರ ಬಸವಣ್ಣ ಭಾಳ ಚೊಲೊ. ಅವ ಎದ್ದು ಕುಂತು ಮಾತಾಡಿದ್ರನ ಕಷ್ಟ.

ಮುಂಜಾನೆ ಎದ್ದಾಕಿನ ಹೆಡ್ ಮಾಸ್ತರ್ರಿಗೆ ಫೋನ್ ಮಾಡಿ ಇವತ್ತು ಬರಂಗಿಲ್ರಿ ಸರ್ ಅಂದೆ, ಮಕ್ಕಳನ್ನ ಕರ್ಕೊಂಡು ಕೂಡಲಸಂಗಮದ ಬಸ್ ಹತ್ತಿದೆ. ಇವರು ಬರಲಿಲ್ಲ, ಹೊಲಕ್ಕ ಹೋದ್ರು.

ಆ ವರ್ಷ ಬರ ನೋಡ್ರಿ. ಬಸ್ಸಿನ ಕಿಟಕಿ ಸರಳು ಮುಟ್ಟಿದ್ರ ಕೈ ಸುಡತಿತ್ತು. ನನ್ನ ಬಳ್ಳಿನ ಮ್ಯಾಲೆ ವೋಟಿನ ಶಾಯಿ ಇನ್ನೂ ಕರ್‍ರಗ ಇತ್ತು, ಬಸ್ಸಿನ್ಯಾಗ ಎಲ್ಲಾರ ಬಳ್ಳಿನ ಮ್ಯಾಲೂ ಇತ್ತು. ಕೃಷ್ಣಾ ಮಲಪ್ರಭಾ ಕೂಡೋ ಜಾಗಾದಾಗ ಮಳಿಗಾಲದಾಗ ಸಮುದ್ರದಂಗ ನೀರಿರತೈತಿ, ಅವತ್ತು ಹೊಳಿ ಭಾಳ ದೂರ ಸರದು ನಿಂತಿತ್ತು, ದಂಡಿ ಮಣ್ಣು ಬಿರುಕು ಬಿಟ್ಟಿತ್ತು. ಜಯಂತಿ ಅಲ್ಲಾ, ಗದ್ದಲ ಹೇಳೂದ ಬ್ಯಾಡ. ಪಾದಯಾತ್ರಿಲೆ ಬಂದವರು, ಟ್ರ್ಯಾಕ್ಟರ್ ಮಾಡ್ಕೊಂಡು ಬಂದವರು, ವಿಭೂತಿ ಹಚ್ಕೊಂಡ ಸಣ್ಣ ಸಣ್ಣ ಹುಡುಗರು.

ಸಂಗಮನಾಥನ ಗುಡಿ ಒಳಗ ಹೋದಕೂಡ್ಲೆ ತಂಪು. ಚಾಲುಕ್ಯರ ಕಾಲದ ಶೈಲಿ ಗುಡಿ ಅದು, ಕಂಬಗೋಳು ಎಣ್ಣಿ ಕುಡದು ಕುಡದು ಕರ್‍ರಗ ನುಣ್ಣಗ ಆಗ್ಯಾವ. ಸರತಿ ಸಾಲಿನ್ಯಾಗ ನಿಂತಾಗ ಮಗಗ ಹರಿಹರ ಕವಿ ಹೇಳಿದ ಕಥಿ ಹೇಳಿದೆ, ಭಾಷಣದಾಗ ಎಂದೂ ಹೇಳಿರದ ಭಾಗ. ಹರಿಹರನ ರಗಳಿಯೊಳಗ ಕಥಿ ಸ್ವಲ್ಪ ಬ್ಯಾರೆ ಐತಿ, ಅಲ್ಲಿ ಬಸವಣ್ಣಗ ಮುಂಜಿ ಆಗಿರತೈತಿ, ಆಮ್ಯಾಲೆ ಜನಿವಾರ ಕಿತ್ತು ಒಗದು ಇಲ್ಲಿಗೆ ಬರ್ತಾನ. ಇಲ್ಲಿ ಈಶಾನ್ಯ ಗುರುಗಳು ಅವನಿಗೆ ಕೆಲಸ ಹಚ್ತಾರ, ಸಂಗಮನಾಥನ ಪೂಜಿಗೆ ನೀರು ತರೋದು, ಹೂ ತರೋದು. ಚಂದ ನಡದಿರತೈತಿ. ಒಂದಿನ ಸಂಗಮನಾಥನ ಕನಸಿನ್ಯಾಗ ಬಂದು, ಇಲ್ಲಿದ್ದದ್ದು ಸಾಕು, ಬಿಜ್ಜಳ ಇರೋ ಮಂಗಳವಾಡಕ್ಕ ಹೋಗು ಅಂತಾನ. ಆಗ ಬಸವಣ್ಣ ಏನ್ ಮಾಡ್ತಾನ? ಅಳ್ತಾನ. ನಿನ್ನ ಬಿಟ್ಟು ಹೆಂಗ ಹೋಗ್ಲಿ, ನನ್ನ ಹೊರಗ ಹಾಕಬ್ಯಾಡ ಅಂತ ಸಣ್ಣ ಕೂಸಿನಂಗ ಅಳ್ತಾನ. ನಿನ್ನ ಸಂಗಡ ನಾನೂ ಬರ್ತೀನಿ ಅಂತ ಸಂಗಮನಾಥ ಸಮಾಧಾನ ಮಾಡಿ, ಮರುದಿನ ನಂದಿ ಬಾಯಿಂದ ಲಿಂಗ ಕೊಟ್ಟು ಕಳಸ್ತಾನ.

"ಬಸವಣ್ಣ ಅತ್ತಿದ್ನಾ?" ಅಂದ ಮಗ. ನಂಬಲಿಲ್ಲ ಅವ. ಹೂಂ ಅಂದೆ. ನೀ ನಿನ್ನೆ ರಾತ್ರಿ ತಲಿದಿಂಬಿಗೆ ಮಾರಿ ಒತ್ಕೊಂಡು ಅತ್ತದ್ದು ನನಗ ಕೇಳಿಸೇತಿ ಅಂತ ಮಾತ್ರ ಹೇಳಲಿಲ್ಲ.

ಅಲ್ಲಿಂದ ಐಕ್ಯಮಂಟಪಕ್ಕ ಹೋದ್ವಿ. ನಾರಾಯಣಪುರ ಡ್ಯಾಮ್ ಕಟ್ಟಿದಾಗ ಹಿನ್ನೀರಿನ್ಯಾಗ ಮುಳುಗಬಾರದು ಅಂತ ಐಕ್ಯ ಆದ ಜಾಗಾದ ಸುತ್ತಲೂ ದೊಡ್ಡ ಬಾವಿಯಂಗ ಗ್ವಾಡಿ ಕಟ್ಯಾರ, ಸೇತುವಿ ದಾಟಿ ಹೋಗಿ ಸುತ್ತುಮೆಟ್ಟಲ ಇಳೀಬೇಕು. ಇಳದಂಗ ಇಳದಂಗ ಮ್ಯಾಲಿನ ಗದ್ದಲ ಕಡಿಮಿ ಆಗಿ, ಮಂದಿ ಕಾಲಿನ ಸಪ್ಪಳ ಅಷ್ಟ ಉಳೀತೈತಿ. ಹತ್ತು ಮಂದಿ ಬಾವಿಗೆ ಬಿದ್ರ ನೀನೂ ಬೀಳ್ತಿಯೇನು ಅಂತ ಮಕ್ಕಳಿಗೆ ಬೈಕೊಂತ ಬಂದಾಕಿ, ಸಾವಿರ ಮಂದಿ ಹಿಂದ ಬಾವಿ ಇಳಿಯಾಕತ್ತಿದ್ದೆ, ನಗು ಬಂತು. ಕೆಳಗ ಲಿಂಗದ ಮುಂದ ಹಣಿ ಹಚ್ಚಿದಾಗ ಮಾತ್ರ ನಗು ಹೋಗಿ ಕಣ್ಣಾಗ ನೀರು ಬಂದ್ವು. ಏನೂ ಬೇಡ್ಕೊಳ್ಳಿಲ್ಲ. ತಪ್ಪಾತಪ್ಪಾ ಅಂದೆ ಅಷ್ಟ.

ಮ್ಯಾಲೆ ಬಂದು ಹೊಳಿ ದಂಡಿ ಕಡೆ ನೆಳ್ಳಾಗ ಕುಂತ್ವಿ. ಆಗ ಮಗ ಸುರು ಮಾಡಿದ. "ಅವ್ವಾ, ಹಳಕಟ್ಟಿಯವರು ಮನಿ ಮನಿ ತಿರುಗಿ ಓಲೆಗರಿ ಕೂಡಿಸಿ ಓದದಿದ್ರ ನೀ ಭಾಷಣದಾಗ ಯಾವ ವಚನ ಹೇಳ್ತಿದ್ದಿ?" ಖರೇನ ಐತಿ. ಫ. ಗು. ಹಳಕಟ್ಟಿಯವರು ವಿಜಯಪುರದಾಗ ವಕೀಲರು, ಕೋರ್ಟ್ ಕೆಲಸ ಹಿಂದ ಹಾಕಿ ಮಂದಿ ಜಂತಿ ಮ್ಯಾಲೆ ಧೂಳು ತಿಂತಿದ್ದ ಕಟ್ಟು ಬೇಡಿ ತಂದ್ರು, ಸ್ವಂತ ಮನಿ ಮಾರಿ ಪ್ರೆಸ್ ನಡೆಸಿದ್ರು ಅಂತಾರ. ಅವರ ಬೀಗರೂ ಬೈದಿರಬೇಕು, ವಕೀಲಿಕಿ ಬಿಟ್ಟು ಇದೇನ್ ಹುಚ್ಚು ಅಂತ. ನನ್ನ ಹತ್ರ ಉತ್ತರ ಇರಲಿಲ್ಲ, ಆದ್ರ ಅವ್ವ ಆಗಿ ಹೇಳೂದು ಒಂದಷ್ಟು ಇತ್ತು.

ನೋಡಪ್ಪಾ, ಒಲ್ಲೆ ಅನ್ನೂದು ಒಂದು ದಿನದ ಕೆಲಸ. ಜನಿವಾರ ಹರಿಯಾಕ ಎಷ್ಟೊತ್ತು ಬೇಕು? ಆಮ್ಯಾಲೆ ಅವ ವರ್ಷಾನುಗಟ್ಟಲೆ ಈ ಹೊಳಿಯಿಂದ ನೀರು ಹೊತ್ತಾನ, ಅದನ್ನ ಯಾರೂ ನೆನಸಂಗಿಲ್ಲ, ನಾನೂ ಭಾಷಣದಾಗ ಹೇಳಿಲ್ಲ. ನೀ ಆರ್ಟ್ಸ್ ತಗೊಂಡ್ರ ದಿನಾ ಆ ನೀರು ಹೊರಬೇಕು, ಆರ್ಟ್ಸ್ ಅಂದ್ರ ಆರಾಮ ಅಂತ ಮಲಗಿದ್ರ ನಾ ಮಾದರಸ ಆಗಾಕ ಹಿಂದ ಮುಂದ ನೋಡಂಗಿಲ್ಲ. ಮತ್ತ ಒಂದು ಮಾತು, ನಿನ್ನ ಗೆಳೆಯರು ಸೈನ್ಸ್ ತಗೊಂಡಾರಂತ ಅವರನ್ನ ಕುರಿ ಅನಬ್ಯಾಡ. ಅವರಿಗೂ ಅವರ ಆಸೆ ಇರತಾವ, ಬ್ಯಾರೆ ದಾರಿ ಹಿಡದವನಿಗೆ ಸೊಕ್ಕು ಬಂದ್ರ ಅದೂ ಒಂದು ಹೊಸ ಜಾತಿ ಆಗಿಬಿಡತೈತಿ. ಎರಡು ವರ್ಷ ಓದಿ ಇದು ನಂದಲ್ಲ ಅನಿಸಿದ್ರ ಬಾಯಿ ಬಿಟ್ಟು ಹೇಳು, ಮಂದಿ ಮುಂದ ನಾಚಿಕಿ ಅಂತ ಹಠಕ್ಕ ಬಿದ್ದು ಕುಂದರಬ್ಯಾಡ. ಬ್ಯಾರೆ ಆಗಿರೋದಕ್ಕ ಬೆಲಿ ಐತಿ, ಕಲ್ಯಾಣದಾಗ ಹರಳಯ್ಯ ಮಧುವರಸರ ಮಕ್ಕಳ ಲಗ್ನ ಮಾಡಿದ್ದಕ್ಕ ಏನಾತು ಗೊತ್ತಲ್ಲ...

"ಅವ್ವಾ, ಭಾಷಣ ಸಾಲ್ಯಾಗ ತಪ್ಪಿಸಿ ಇಲ್ಲಿ ಮಾಡಾಕತ್ತಿ. ಐಸ್‌ಕ್ರೀಂ ಕೊಡಸು" ಅಂದ.

ಅವನ ಅಕ್ಕ ನಗಾಕತ್ತಿದ್ಳು. ನಗುವಾಗ ಆಕಿನ್ನ ನೋಡಿದೆ. ಬಸವಣ್ಣನ ಧೈರ್ಯದ ಬಗ್ಗೆ ನಾವು ಇಷ್ಟು ಮಾತಾಡ್ತೀವಿ, ನಾಗಮ್ಮನ ಬಗ್ಗೆ ಎರಡು ಸಾಲು ಹೇಳಿ ಬಿಡ್ತೀವಿ. ತಮ್ಮ ಒಲ್ಲೆ ಅಂದದ್ದು ಆಕಿ ಸಲುವಾಗಿ, ಮುಂದ ಕಲ್ಯಾಣದಾಗ ಶರಣರ ನಡುವ ಅಕ್ಕ ಆಗಿ ಇದ್ದಾಕಿ ಆಕಿ. ನಿನ್ನೆ ರಾತ್ರಿ ನಾನೂ ಇವರೂ ಇಬ್ಬರೂ ಒಂದ ಕಡೆ ನಿಂತಾಗ ಈ ಹುಡುಗನ ಕಡೆ ಇದ್ದದ್ದು ಈಕಿ ಒಬ್ಬಾಕಿ. ಐಸ್‌ಕ್ರೀಂ ಆಕಿಗೆ ಎರಡು ಕೊಡಿಸಿದೆ.

ದಾಸೋಹದಾಗ ಗೋಧಿ ಹುಗ್ಗಿ ಉಂಡು, ಸಂಜಿ ಆಗೂದ್ರಾಗ ಊರು ಮುಟ್ಟಿದ್ವಿ. ಓಣ್ಯಾಗ ತೊಟ್ಟಿಲು ಕಟ್ಟಿ ನನ್ನ ದಾರಿ ನೋಡಾಕತ್ತಿದ್ರು, ಹೆಸರಿಡೂದು ಪ್ರತಿ ವರ್ಷ ಟೀಚರಮ್ಮಂದ ಕೆಲಸ. ಕೈಕಾಲು ತೊಳಕೊಂಡು ಬಂದು ಹಗ್ಗ ಹಿಡದೆ. ಬಗ್ಗಿ ಕಿವ್ಯಾಗ ಇನ್ನೇನು ಹೆಸರು ಹೇಳಬೇಕು, ಬಾಜೂ ಕುಂತಿದ್ದ ಓಣಿ ಹಿರಿಯಾಕಿ ಒಬ್ಬರು ಕೇಳಿದ್ರು, "ಮಗ ಸೈನ್ಸ್ ಏನ್ ಟೀಚರ, ಯಾವ ಊರಿಗೆ ಹಾಕ್ತೀರಿ?"

ಬಗ್ಗಿದಾಕಿ ಹಂಗ ಮಾರಿ ಎತ್ತಿ, "ಆರ್ಟ್ಸ್ ರೀ, ಇಲ್ಲೇ ಸರ್ಕಾರಿ ಕಾಲೇಜಿಗೆ" ಅಂದೆ. ಸ್ವಲ್ಪ ಜೋರಾಗೇ ಬಂತು ದನಿ. ಜೋಗುಳ ನಿಂತು ಹೋತು. ಯಾರೋ ಒಬ್ಬರು "ಅಯ್ಯ!" ಅಂದ್ರು. ಬಾಗಿಲ ಹತ್ರ ನಮ್ಮ ಮನಿಯವರು ಹೊಲದಿಂದ ಬಂದು ಹೆಗಲ ಮ್ಯಾಲಿನ ಟಾವೆಲ್ ತಗೀಲಾರದ ನಿಂತಿದ್ರು, ಅವರಿಗೂ ಕೇಳಿಸಿತು, ಏನೂ ಅನ್ನಲಿಲ್ಲ, ಒಳಗ ಹೋಗಿ ಚಹಾ ಕೇಳಿದ್ರು. ನಾ ಮತ್ತ ಬಗ್ಗಿ, ಕುರ್ರ್ ಬಸವಣ್ಣಾ ಅಂದೆ. ಆ ವರ್ಷ ಬೆನ್ನಿಗೆ ಗುದ್ದು ಸ್ವಲ್ಪ ಜೋರಾಗೇ ಬಿದ್ವು.