ಹಾಲ್‌ನ ಥಿಯೇಟರ್‌ಗೆ ಏಳಿಂಚಿನ ಎರಡನೇ ಪರದೆ: ಇಲ್ಲಿಯವರೆಗೆ ಆದ ಕೆಲಸ

ಮೇ 4

ನಮ್ಮ ಮನೆ ಹಾಲ್‌ನಲ್ಲಿ ಟಿವಿ ಇಲ್ಲ. ಗೋಡೆ ಮೇಲೆ 100 ಇಂಚಿನ ಪರದೆ, ಎದುರಿಗೆ 1080ಪಿ ಪ್ರೊಜೆಕ್ಟರ್, ಸದ್ದು, ಚಿತ್ರ ಹಂಚುವ ಒಂದು ಡೆನಾನ್ ರಿಸೀವರ್, 5.1 ಸ್ಪೀಕರ್, ಸಿನಿಮಾ, ಹಾಡು ಹಾಕುವ ಕೋಡಿ ಎಂಬ ಸಾಫ್ಟ್‌ವೇರ್ ಓಡಿಸಲು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ರಾತ್ರಿ ಸಿನಿಮಾಕ್ಕೆ ಇಷ್ಟು ಧಾರಾಳವಾಗಿ ಸಾಕು. ತೊಂದರೆ ಇರುವುದು ಬೆಳಗ್ಗೆ. ಆರು ಗಂಟೆಗೆ ಅಮ್ಮನಿಗೆ ದಾಸರ ಪದ ಬೇಕು. ಒಂದು ಹಾಡು ಹುಡುಕಲು ಪ್ರೊಜೆಕ್ಟರ್ ಹಚ್ಚಬೇಕು. ಅದು ಬಿಸಿಯಾಗುವವರೆಗೆ ಕಾಯಬೇಕು, ಫ್ಯಾನಿನ ಸದ್ದು ಕೇಳಬೇಕು. ಅಷ್ಟಾದ ಮೇಲೂ ಕಿಟಕಿ ಬೆಳಕಿಗೆ ಗೋಡೆ ಮೇಲೆ ಅಕ್ಷರ ಕಾಣುವುದಿಲ್ಲ. ಫೋನಿನಲ್ಲಿ ರಿಮೋಟ್ ಆ್ಯಪ್ ಹಾಕಿಕೊಟ್ಟೆ. ಅದರಲ್ಲಿ ಅಕ್ಷರ ಚಿಕ್ಕದು, ಅಮ್ಮನಿಗೆ ಬೇಡವಾಯಿತು.

ರಿಸೀವರ್ ಪಕ್ಕದಲ್ಲಿ ಒಂದು ಚಿಕ್ಕ ಪರದೆ ಇಟ್ಟರೆ ಹೇಗೆ? ಹಾಡಿನ ಹೆಸರು, ವಾಲ್ಯೂಮ್, ಮುಟ್ಟಿದರೆ ಮುಂದಿನ ಹಾಡು. ಇಷ್ಟೇ ಯೋಚನೆ.

ಮೇ 11

ಮೊದಲು ಸುಲಭದ ದಾರಿ ಹಿಡಿದೆ. ರಿಸೀವರ್‌ನಿಂದ ಹೊರಡುವ ಎಚ್‌ಡಿಎಂಐಗೆ ಒಂದು ಸ್ಪ್ಲಿಟರ್ ಹಾಕಿ, ಒಂದು ಕೊನೆ ಪ್ರೊಜೆಕ್ಟರ್‌ಗೆ, ಇನ್ನೊಂದು ಕೊನೆ ಸ್ನೇಹಿತರೊಬ್ಬರಿಂದ ತಂದ 7 ಇಂಚಿನ ಎಚ್‌ಡಿಎಂಐ ಪರದೆಗೆ ಕೊಟ್ಟೆ. ಎರಡರಲ್ಲೂ ಚಿತ್ರ ಬಂತು. ಆದರೆ ಗೋಡೆ ಮೇಲಿನ ಚಿತ್ರ ಮಸುಕಾಗಿತ್ತು. ಕೋಡಿಯ ಸಿಸ್ಟಮ್ ಮಾಹಿತಿ ತೆಗೆದು ನೋಡಿದರೆ 1080ಪಿ ಹೋಗಿ 720ಪಿ ಆಗಿತ್ತು.

ಕಾರಣ ಇದು. ಪ್ರತಿ ಪರದೆಯೂ ತನ್ನಿಂದ ಏನೇನು ತೋರಿಸಲು ಆಗುತ್ತದೆ ಎಂಬ ಪಟ್ಟಿಯನ್ನು ಕೇಬಲ್‌ನಲ್ಲೇ ಹಿಂದಕ್ಕೆ ಕಳಿಸುತ್ತದೆ. ಇದಕ್ಕೆ ಇಡಿಐಡಿ ಅಂತಾರೆ. ಸ್ಪ್ಲಿಟರ್‌ಗೆ ಎರಡು ಪಟ್ಟಿ ಬಂದರೆ ಎರಡಕ್ಕೂ ಒಪ್ಪುವಂಥದ್ದನ್ನು ಆಡುವ ಪೆಟ್ಟಿಗೆಗೆ ಹೇಳುತ್ತದೆ. ಚಿಕ್ಕ ಪರದೆಗೆ ಆಗದ್ದು ದೊಡ್ಡದಕ್ಕೂ ಸಿಗುವುದಿಲ್ಲ. ಒಟಿಟಿ ಹಾಕಿದರೆ ಇನ್ನೊಂದು ಕಷ್ಟ. ಚಿಕ್ಕ ಪರದೆಗೆ ಎಚ್‌ಡಿಸಿಪಿ (ನಕಲು ತಡೆಯುವ ಬೀಗ) ಇಲ್ಲ, ಹಾಗಾಗಿ ಅದರಲ್ಲಿ ಬರೀ ಕಪ್ಪು.

ಇದನ್ನೆಲ್ಲ ಸರಿ ಮಾಡಲು ಇಡಿಐಡಿ ಹಿಡಿದಿಡುವ ಸಾಧನಗಳಿವೆ. ಆದರೆ ಅರ್ಧ ಗಂಟೆ ಅದರ ಮುಂದೆ ಕೂತಾಗ ನನಗೆ ಬೇರೆಯದೇ ಹೊಳೆಯಿತು. 100 ಇಂಚಿಗೆ ಮಾಡಿದ ಮೆನುವನ್ನು 7 ಇಂಚಿಗೆ ಕುಗ್ಗಿಸಿದರೆ ಯಾರಿಗೆ ಓದಲು ಆಗುತ್ತದೆ? ಎರಡನೇ ಪರದೆ ಅಂದರೆ ಮೊದಲನೆಯದರ ನಕಲು ಆಗಬಾರದು. ಅದಕ್ಕೆ ಅದರದ್ದೇ ಮಾತು ಇರಬೇಕು. ಸ್ಪ್ಲಿಟರ್ ತೆಗೆದಿಟ್ಟೆ.

ಮೇ 19

ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ ರಾಸ್ಪ್‌ಬೆರಿ ಪೈನವರದೇ 7 ಇಂಚಿನ ಟಚ್ ಪರದೆ ತಂದೆ. 2015ರಲ್ಲಿ ಬಂದ ಹಳೇ ಮಾದರಿ, 800x480. 2024ರಲ್ಲಿ ಇದರ ಹೊಸ ಮಾದರಿ ಬಂದಿದೆ, ನನ್ನ ಕೆಲಸಕ್ಕೆ ಹಳೆಯದೇ ಸಾಕು. ಮನೆಯಲ್ಲಿ ಸುಮ್ನೆ ಕೂತಿದ್ದ ಪೈ 3ಕ್ಕೆ ರಿಬ್ಬನ್ ಕೇಬಲ್‌ನಲ್ಲಿ ಜೋಡಿಸಿದೆ. ಥಿಯೇಟರ್‌ನ ಎಚ್‌ಡಿಎಂಐಗೂ ಇದಕ್ಕೂ ಈಗ ಸಂಬಂಧವೇ ಇಲ್ಲ. ಮಾತುಕತೆ ಎಲ್ಲ ಮನೆಯ ನೆಟ್‌ವರ್ಕ್ ಮೇಲೆ.

ಕರೆಂಟ್ ರಿಸೀವರ್‌ನ ಯುಎಸ್‌ಬಿ ಕಿಂಡಿಯಿಂದ ತೆಗೆದುಕೊಂಡಿದ್ದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂತು. ವೋಲ್ಟೇಜ್ 4.63ಕ್ಕಿಂತ ಕೆಳಗೆ ಇಳಿದರೆ ಪೈ ಹೀಗೆ ಹೇಳುತ್ತದೆ. 2.5 ಆ್ಯಂಪ್ ಅಡಾಪ್ಟರ್ ಹಾಕಿದ ಮೇಲೆ ಹೋಯಿತು.

ಮೇ 26

ಕೋಡಿ ಕಡೆಯ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಸೆಟ್ಟಿಂಗ್ಸ್‌ನಲ್ಲಿ ಬೇರೆ ಸಾಧನಗಳಿಂದ ನಿಯಂತ್ರಿಸಲು ಅನುಮತಿ ಕೊಟ್ಟರೆ 9090 ಪೋರ್ಟ್‌ನಲ್ಲಿ ವೆಬ್‌ಸಾಕೆಟ್ (ಸದಾ ತೆರೆದಿರುವ ಸಂಪರ್ಕ) ತೆರೆದುಕೊಳ್ಳುತ್ತದೆ. ಹಾಡು ಶುರುವಾದರೆ, ನಿಂತರೆ ಅದೇ ಸುದ್ದಿ ಕಳಿಸುತ್ತದೆ. ಸೆಕೆಂಡಿಗೊಮ್ಮೆ "ಏನು ಓಡುತ್ತಿದೆ?" ಅಂತ ಕೇಳಬೇಕಿಲ್ಲ.

ರಿಸೀವರ್ ಜಾಸ್ತಿ ಸಮಯ ತಿಂದಿತು. ಅದು 23ನೇ ಪೋರ್ಟ್‌ನಲ್ಲಿ ಟೆಲ್‌ನೆಟ್ ಎಂಬ ಹಳೇ ಅಕ್ಷರ ಸಂಪರ್ಕದ ಮೂಲಕ ಮಾತಾಡುತ್ತದೆ. "ಎಂವಿ?" ಅಂತ ಕಳಿಸಿದರೆ ವಾಲ್ಯೂಮ್ ಹೇಳಬೇಕು. ಒಂದು ಸಂಜೆ ಪೂರ್ತಿ ಉತ್ತರವೇ ಇಲ್ಲ. ಸಾಲಿನ ಕೊನೆಗೆ ನಾನು ಲೈನ್ ಫೀಡ್ ಕಳಿಸುತ್ತಿದ್ದೆ, ಅದು ಕ್ಯಾರೇಜ್ ರಿಟರ್ನ್‌ಗೆ ಕಾಯುತ್ತಿತ್ತು. ಎರಡೂ ಸಾಲು ಮುಗಿಯಿತು ಎನ್ನುವ ಗುರುತುಗಳೇ, ಅಷ್ಟೇ ವ್ಯತ್ಯಾಸ. ಸರಿಮಾಡಿದ ಕೂಡಲೇ 45 ಅಂತ ಬಂತು. ವಾಲ್ಯೂಮ್ ಒಂದು ಹೆಜ್ಜೆ ಏರಿಸಿದೆ. ಪರದೆ ಮೇಲೆ 455! ಇದು ಅರ್ಧ ಹೆಜ್ಜೆಯ ಲೆಕ್ಕ. ಮೂರು ಅಂಕಿ ಬಂದರೆ ಕೊನೆಯದು ದಶಮಾಂಶ, ಅಂದರೆ 45.5. ಬ್ರೌಸರ್‌ಗೆ ಟೆಲ್‌ನೆಟ್ ಬರುವುದಿಲ್ಲವಾದ್ದರಿಂದ ನಡುವೆ ಒಂದು ಪುಟ್ಟ ಪೈಥಾನ್ ಪ್ರೋಗ್ರಾಂ ಇಟ್ಟಿದ್ದೇನೆ.

ಜೂನ್ 8

ಬ್ರೌಸರ್ ಅಂದೆ ಅಲ್ವಾ, ಅದು ಹೇಗೆ ಬಂತು ಅಂತ ಹೇಳಬೇಕು. ಈ ಕೆಲಸದಲ್ಲಿ ನಾನು ಹೆಚ್ಚು ಮನಸ್ಸಿಟ್ಟು ಮಾಡಿದ್ದು ಇದನ್ನೇ.

ಶುರುವಿನಲ್ಲಿ ಪರದೆಯನ್ನು ಪೈಗೇಮ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಬರೆದಿದ್ದೆ. ಹಗುರ, ಬೇಗ ಏಳುತ್ತದೆ. ಇಂಗ್ಲಿಷ್ ಹೆಸರು ಚೆನ್ನಾಗಿ ಬಂತು. ಕನ್ನಡದ ಹಾಡು ಹಾಕಿದೆ. "ಕೃಷ್ಣ" ಅಂತ ಬರಬೇಕಾದಲ್ಲಿ ಷ, ಅದರ ಪಕ್ಕದಲ್ಲಿ ಒಂಟಿಯಾಗಿ ನಿಂತ ಒಂದು ಕೊಕ್ಕೆ, ಆಮೇಲೆ ಇಡೀ ಣ. ಒತ್ತು ಕೆಳಗೆ ಇಳಿದೇ ಇಲ್ಲ. "ವಿಠ್ಠಲ" ಕೂಡ ಹಾಗೇ. ಅಮ್ಮ ಹತ್ತಿರ ಬಂದು ನೋಡಿ "ಇದ್ಯಾವ ಭಾಷೆ?" ಅಂದಳು. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಫಾಂಟ್‌ನಲ್ಲಿ ಅಕ್ಷರಗಳು ಇದ್ದರೆ ಸಾಲದು. ಷ, ವಿರಾಮ (ಅರ್ಧಾಕ್ಷರದ ಗುರುತು), ಣ ಮೂರನ್ನೂ ಸೇರಿಸಿ "ಇಲ್ಲಿ ಒತ್ತು ಬರಬೇಕು" ಅಂತ ತೀರ್ಮಾನಿಸುವ ಒಂದು ಹಂತ ಬೇಕು. ಆ ಕೆಲಸ ಮಾಡುವುದು ಹಾರ್ಫ್‌ಬಝ್ ಎಂಬ ಲೈಬ್ರರಿ. ನನ್ನ ಪೈಗೇಮ್ ಆ ಹಂತವನ್ನು ಹಾಯದೆ ಅಕ್ಷರಗಳನ್ನು ಬಂದ ಹಾಗೆ ಸಾಲಾಗಿ ಇಡುತ್ತಿತ್ತು. ಕ್ರೋಮಿಯಂ ಬ್ರೌಸರ್ ಒಳಗೆ ಹಾರ್ಫ್‌ಬಝ್ ಇದೆ. ಹಾಗಾಗಿ ಬರೆದದ್ದನ್ನೆಲ್ಲ ಬಿಟ್ಟು ಒಂದು ವೆಬ್ ಪುಟ ಮಾಡಿ, ಕ್ರೋಮಿಯಂ ಅನ್ನು ಕಿಯೋಸ್ಕ್ ಮೋಡ್‌ನಲ್ಲಿ, ಅಂದರೆ ಪರದೆ ತುಂಬ ಅದೊಂದೇ ಪುಟ ಕಾಣುವಂತೆ, ತೆರೆದೆ. ಪೈ 3ರಲ್ಲಿ ಅದು ಏಳಲು ಸ್ವಲ್ಪ ತಡ. ಪರವಾಗಿಲ್ಲ. "ಕೃಷ್ಣ" ಸರಿಯಾಗಿ ಬಂತು.

ಆದರೂ ಎರಡನೇ ಸಾಲಿನಲ್ಲಿ ಒತ್ತಿನ ಬುಡ ಕತ್ತರಿಸಿ ಹೋಗುತ್ತಿತ್ತು. ಸಾಲಿನ ಎತ್ತರ 1.2 ಇಟ್ಟಿದ್ದೆ, ಇಂಗ್ಲಿಷಿಗೆ ಅದು ಸರಿ. ಕನ್ನಡಕ್ಕೆ ಕೆಳಗೆ ಜಾಗ ಬೇಕು. 1.6 ಮಾಡಿದೆ, ನೋಟೊ ಸಾನ್ಸ್ ಕನ್ನಡ, 44 ಪಿಕ್ಸೆಲ್. ಬಾಲೂ ತಮ್ಮ ಕೂಡ ಹಾಕಿ ನೋಡಿದೆ. ಅದು ದಪ್ಪ, ದುಂಡಗೆ ಚೆನ್ನಾಗಿದೆ, ಆದರೆ ಉದ್ದ ಹೆಸರಿಗೆ ಅಗಲ ಸಾಲದು.

ಜೂನ್ 22

ಪರದೆ ತಯಾರಾದರೂ ತೋರಿಸಲು ಕನ್ನಡ ಇರಬೇಕಲ್ಲ. ನಮ್ಮ ಎಂಪಿ3ಗಳ ಟ್ಯಾಗ್ (ಫೈಲ್ ಒಳಗಿನ ಹಾಡಿನ ವಿವರ) ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಅಪ್ಪ ಎಂದೋ ಕನ್ನಡದಲ್ಲಿ ಟೈಪ್ ಮಾಡಿಸಿಟ್ಟ ಪಟ್ಟಿ ಸಿಕ್ಕಿತು, ಆದರೆ ಅದು ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ. ಯೂನಿಕೋಡ್‌ಗೆ ಬದಲಾಯಿಸಿ, ಪಿಕಾರ್ಡ್ ಎಂಬ ಟ್ಯಾಗ್ ತಿದ್ದುವ ಪ್ರೋಗ್ರಾಂನಲ್ಲಿ ಒಂದೊಂದೇ ಹಾಕಿದೆ. 340 ಹಾಡು, ಎರಡು ವಾರದ ರಾತ್ರಿ. ಪಟ್ಟಿಯಲ್ಲಿ ಅಪ್ಪ ಪ್ರತಿ ಪದದ ಮುಂದೆ ರಾಗ, ತಾಳವನ್ನೂ ಬರೆಸಿದ್ದರು. ಅದನ್ನೂ ಟ್ಯಾಗ್‌ಗೆ ಸೇರಿಸಿದೆ. ಈಗ ಹೆಸರಿನ ಕೆಳಗೆ ಚಿಕ್ಕದಾಗಿ "ಕಲ್ಯಾಣಿ, ಆದಿ" ಅಂತ ಬರುತ್ತದೆ.

ಜೂನ್ 30

ಪೆಟ್ಟಿಗೆ. ಊರಿನ ಮನೆಯಿಂದ ತಂದ ಹಲಸಿನ ಹಲಗೆ ಇತ್ತು. ಬೀದಿ ಕೊನೆಯ ಬಡಗಿ 155 x 86 ಮಿಲಿಮೀಟರ್ ಕಿಂಡಿ ಕೊರೆದು ಅಂಚನ್ನು ಒಳಗೆ ಇಳಿಜಾರು ಮಾಡಿಕೊಟ್ಟರು. ಕೂತಲ್ಲಿಂದ ನೋಡಿದರೆ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಪೈ 74 ಡಿಗ್ರಿಗೆ ಏರಿತು. ಹಿಂದೆ ಕೆಳಗೆ ನಾಲ್ಕು, ಮೇಲೆ ನಾಲ್ಕು ತೂತು ಮಾಡಿಸಿದೆ, 58ಕ್ಕೆ ಇಳಿಯಿತು.

ಜುಲೈ 6

ರಾತ್ರಿ ಸಿನಿಮಾ ಹಾಕಿದಾಗ ಒಂದು ಹೊಸ ತೊಂದರೆ ಕಂಡಿತು. ಕತ್ತಲೆಯ ದೃಶ್ಯದಲ್ಲಿ ಚಿಕ್ಕ ಪರದೆ ಬೂದು ಬಣ್ಣದಲ್ಲಿ ಹೊಳೆಯುತ್ತಿತ್ತು. ಪುಟವನ್ನು ಪೂರ್ತಿ ಕಪ್ಪು ಮಾಡಿದರೂ ಹಾಗೇ, ಯಾಕೆಂದರೆ ಎಲ್‌ಸಿಡಿಯ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ದೀಪವನ್ನೇ ಆಫ್ ಮಾಡಬೇಕು. ಲಿನಕ್ಸ್‌ನಲ್ಲಿ ಬ್ಯಾಕ್‌ಲೈಟ್‌ಗೆ ಒಂದು ಫೈಲ್ ಇದೆ, ಅದಕ್ಕೆ 1 ಬರೆದರೆ ದೀಪ ಹೋಗುತ್ತದೆ, 0 ಬರೆದರೆ ಬರುತ್ತದೆ. ಈಗ ವಿಡಿಯೊ ಶುರುವಾದ 10 ಸೆಕೆಂಡಿಗೆ ಪರದೆ ಮಲಗುತ್ತದೆ. ವಾಲ್ಯೂಮ್ ಮುಟ್ಟಿದರೆ ಮಾತ್ರ ಮಂದವಾಗಿ ಎದ್ದು, ಅಂಕಿ ತೋರಿಸಿ, ಮತ್ತೆ ಮಲಗುತ್ತದೆ.

ಕರೆಂಟ್ ಹೋಗಿ ಬಂದು ಒಮ್ಮೆ ಎಸ್‌ಡಿ ಕಾರ್ಡ್ ಕೆಟ್ಟಿತು. ಓವರ್‌ಲೇ ಫೈಲ್‌ಸಿಸ್ಟಮ್ ಆನ್ ಮಾಡಿದ್ದೇನೆ, ಕಾರ್ಡ್‌ಗೆ ಈಗ ಏನೂ ಬರೆಯುವುದಿಲ್ಲ.

ಜುಲೈ 20

ಬೆಳಗ್ಗೆ ಪ್ರೊಜೆಕ್ಟರ್ ಹಚ್ಚಿ ಎರಡು ವಾರವಾಯಿತು. ಅಮ್ಮ ತಾನೇ ಪರದೆ ಮುಟ್ಟಿ ಹಾಡು ಹಾಕುತ್ತಾಳೆ. ಮೊದಲ ದಿನ "ಕಲ್ಯಾಣಿ" ಓದಿ "ಇದು ನಿಮ್ಮಪ್ಪ ಬರೆಸಿದ್ದು ಅಲ್ವಾ?" ಅಂತ ಕೇಳಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

ಈಗ ಅವಳಿಗೆ ಹಾಡಿನ ಜೊತೆ ಸಾಹಿತ್ಯವೂ ಬರಬೇಕು. ಎಲ್‌ಆರ್‌ಸಿ ಫೈಲ್‌ನಲ್ಲಿ ಪ್ರತಿ ಸಾಲಿಗೆ ಸಮಯ ಹಾಕಿದರೆ ಪುಟ ತಾನೇ ಸಾಲು ಸರಿಸುತ್ತದೆ, ಆ ಭಾಗ ಬರೆದಾಯಿತು. ಸಾಲುಗಳನ್ನು ಅವಳು ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ. 11 ಪದ ಮುಗಿದಿವೆ. ಹನ್ನೆರಡನೆಯದರ ಎರಡನೇ ಚರಣ ನೆನಪಾಗದೆ ನಿನ್ನೆ ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿದ್ದಳು.