ಫ್ರೇಮ್ ಸತ್ತದ್ದು ಎಲ್ಲಿ?

ಹೊಸ ಬೋರ್ಡ್ ಲ್ಯಾಬಿಗೆ ಬಂದರೆ ಎಲ್ಲರೂ ಮೊದಲು ಪಿಂಗ್ (ಉತ್ತರ ಬರುತ್ತದೋ ನೋಡಲು ಕಳಿಸುವ ಚಿಕ್ಕ ಸಂದೇಶ) ಹಾಕಿ ನೋಡುತ್ತಾರೆ. ನಾನು ಮೊದಲು ತೆಗೆಯುವುದು ಈಥರ್ನೆಟ್ ಮ್ಯಾಕ್‌ನ ಕೌಂಟರ್‌ಗಳನ್ನು. ಪಿಂಗ್‌ಗೆ ಉತ್ತರ ಬಂತು ಅಂದರೆ ಕೆಲವು ಫ್ರೇಮ್‌ಗಳು (ತಂತಿಯ ಮೇಲೆ ಹೋಗುವ ಡೇಟಾ ಕಂತೆಗಳು) ಬಚಾವಾದವು ಅಂತಷ್ಟೇ. ಬಚಾವಾಗದೆ ಹೋದವು ಎಷ್ಟು, ಯಾಕೆ ಎಂಬ ಲೆಕ್ಕ ಕೌಂಟರ್‌ನಲ್ಲಿರುತ್ತದೆ.

ಮುಖ್ಯ ಚಿಪ್‌ನೊಳಗೆ, ಮೆಮೊರಿಗೂ ತಂತಿಯನ್ನು ನೋಡಿಕೊಳ್ಳುವ ಫೈ ಚಿಪ್‌ಗೂ ನಡುವೆ ಕೂತಿರುವ ಸರ್ಕ್ಯೂಟೇ ಈ ಮ್ಯಾಕ್. ತಂತಿಯ ಮೇಲಿನ ಸಿಗ್ನಲ್ಲು, ಲಿಂಕು, ಜ್ಯಾಕ್ ಪಕ್ಕದಲ್ಲಿ ಮಿನುಗುವ ದೀಪ, ಇದೆಲ್ಲ ಸಾಮಾನ್ಯವಾಗಿ ಫೈ ಪಾಲಿನ ಕೆಲಸ. ಆದ್ದರಿಂದ ದೀಪ ಹತ್ತಿದೆ ಅಂದಮಾತ್ರಕ್ಕೆ ಮ್ಯಾಕ್ ನೆಟ್ಟಗಿದೆ ಅಂತೇನೂ ಅಲ್ಲ.

ಕಳಿಸುವಾಗ ಮ್ಯಾಕ್ ಡಿಎಂಎ (ಸಿಪಿಯು ಕೈಹಾಕದೆ ನೇರ ಮೆಮೊರಿ ಓದುವ ವಿಧಾನ) ಮೂಲಕ ಮೆಮೊರಿಯಿಂದ ಫ್ರೇಮನ್ನು ಎಳೆದುಕೊಳ್ಳುತ್ತದೆ. ಅದರ ಮುಂದೆ ಹೆಕ್ಸ್ 55ರ ಏಳು ಬೈಟ್, ಆಮೇಲೆ ಫ್ರೇಮ್ ಇಲ್ಲಿಂದ ಶುರು ಎನ್ನುವ ಗುರುತಾಗಿ ಒಂದು ಡಿ5 ಹಚ್ಚುತ್ತದೆ. ಫ್ರೇಮ್ ಚಿಕ್ಕದಿದ್ದರೆ ತುಂಬಿಸಿ 60 ಬೈಟ್ ಮಾಡಿ, ಕೊನೆಗೆ ನಾಲ್ಕು ಬೈಟಿನ ಸಿಆರ್‌ಸಿ (ದಾರಿಯಲ್ಲಿ ಡೇಟಾ ಕೆಟ್ಟಿತೋ ಎಂದು ತಾಳೆ ನೋಡುವ ಲೆಕ್ಕ) ಸೇರಿಸುತ್ತದೆ, ಒಟ್ಟು 64. ಪಕ್ಕದ ಯಂತ್ರದ ವಿಳಾಸ ಕೇಳುವ ಎಆರ್‌ಪಿ ಫ್ರೇಮ್ ಹೆಡರ್ ಸಮೇತ ಬರೀ 42 ಬೈಟ್, ಹಾಗಾಗಿ ಅದಕ್ಕೆ 18 ಬೈಟ್ ತುಂಬಿಸಲೇಬೇಕು. (ಈ ತುಂಬಿಸುವ ಕೆಲಸವನ್ನು ತಾವೇ ಮಾಡುತ್ತಿದ್ದ ಕೆಲವು ಡ್ರೈವರ್‌ಗಳು ಸೊನ್ನೆಯ ಬದಲು ಮೆಮೊರಿಯಲ್ಲಿ ಬಿದ್ದಿದ್ದ ಹಳೇ ಡೇಟಾವನ್ನೇ ಹೊರಗೆ ಕಳಿಸುತ್ತಿದ್ದವು. 2003ರಲ್ಲಿ ಬಯಲಾದ ಆ ತೂತಿನ ಹೆಸರು ಈಥರ್‌ಲೀಕ್.) ಒಂದು ಫ್ರೇಮ್ ಹೋದ ಮೇಲೆ 96 ಬಿಟ್ ಕಳಿಸುವಷ್ಟು ಹೊತ್ತು ಬಿಟ್ಟು ಮುಂದಿನದು.

ಫ್ರೇಮ್ ಬರುವಾಗಿನ ಕಥೆ ಬೇರೆ. ಮ್ಯಾಕ್ ಡಿ5 ಹುಡುಕುತ್ತದೆ, ವಿಳಾಸ ನಮ್ಮದೋ ಅಲ್ಲವೋ ನೋಡುತ್ತದೆ, ಬೈಟುಗಳು ಒಳಗೆ ಬರುತ್ತಿದ್ದಂತೆಯೇ ಸಿಆರ್‌ಸಿ ಲೆಕ್ಕ ಹಾಕುತ್ತಾ ಹೋಗುತ್ತದೆ. ಕೊನೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ, ಆ ಫ್ರೇಮನ್ನು ಸದ್ದಿಲ್ಲದೆ ಬಿಸಾಡುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಸುದ್ದಿಯಿಲ್ಲ, ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್‌ನಲ್ಲಿ ಒಂದು ಸಾಲೂ ಇಲ್ಲ. ಒಂದು ಕೌಂಟರ್ ಮಾತ್ರ ಒಂದು ಹೆಚ್ಚಾಗುತ್ತದೆ. ಸಾಫ್ಟ್‌ವೇರ್‌ನವರು "ಪ್ಯಾಕೆಟ್ಟೇ ಬಂದಿಲ್ಲ" ಅಂತಲೂ ಹಾರ್ಡ್‌ವೇರ್‌ನವರು "ಕಳಿಸಿದ್ದೇವೆ, ಸ್ಕೋಪ್‌ನಲ್ಲಿ ಕಾಣ್ತಿದೆ" ಅಂತಲೂ ಜಗಳಕ್ಕೆ ನಿಲ್ಲುವುದು ಇಲ್ಲೇ. ಇಬ್ಬರ ಮಾತೂ ನಿಜ.

ಈಚೆಗಿನ ಒಂದು ಬೋರ್ಡ್‌ನಲ್ಲಿ ಹೀಗೇ ಆಯಿತು. ಟೀಮಿಗೆ ಹೊಸದಾಗಿ ಸೇರಿದ ಹುಡುಗ ಬಂದು, "ಮೇಡಂ, ಲಿಂಕ್ ಒಂದು ಗಿಗಾಬಿಟ್ ತೋರಿಸ್ತಿದೆ, ಪಿಂಗ್ ಹೋಗ್ತಿದೆ. ಎಸ್‌ಎಸ್‌ಎಚ್ ಮಾತ್ರ ಹಾಗೇ ನಿಂತುಬಿಡತ್ತೆ" ಅಂದ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಸರ್ವರ್ ಕಾನ್ಫಿಗ್ ಎಲ್ಲ ಬಿಚ್ಚಿ ನೋಡಿದ್ದ, ಪಾಪ. ಇಥ್‌ಟೂಲ್ ಎಂಬ ಕಮಾಂಡ್‌ಗೆ ದೊಡ್ಡ ಎಸ್ ಕೊಟ್ಟು ಕೌಂಟರ್ ತೆಗೆಸಿದೆ. ಸಿಆರ್‌ಸಿ ಎರರ್ ಕಣ್ಣೆದುರೇ ಏರುತ್ತಿತ್ತು. ಸಾದಾ ಪಿಂಗ್ ತಂತಿಯ ಮೇಲೆ 102 ಬೈಟಿನ ಫ್ರೇಮ್. ಗಾತ್ರವನ್ನು 1472 ಮಾಡಿದರೆ ಪೂರ್ತಿ 1518. ದೊಡ್ಡದನ್ನು ಕಳಿಸಿದಾಗ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತಿದ್ದವು. ಬಿಟ್ ಹೆಚ್ಚಿದ್ದಷ್ಟೂ ಒಂದಾದರೂ ಕೆಡುವ ಸಾಧ್ಯತೆ ಹೆಚ್ಚು, ಅಷ್ಟೇ. ಎಸ್‌ಎಸ್‌ಎಚ್ ಶುರುವಿನಲ್ಲೇ ದೊಡ್ಡ ಪ್ಯಾಕೆಟ್ ಕಳಿಸುತ್ತದೆ, ಅದಕ್ಕೇ ಅಲ್ಲಿ ನಿಲ್ಲುತ್ತಿತ್ತು.

ಕೇಬಲ್ ಬದಲಾಯಿಸಿದೆವು, ಏನೂ ವ್ಯತ್ಯಾಸವಿಲ್ಲ. ವೇಗವನ್ನು 100 ಮೆಗಾಬಿಟ್‌ಗೆ ಇಳಿಸಿದಾಗ ಎರರ್ ಪೂರ್ತಿ ನಿಂತಿತು. ಅಲ್ಲಿಗೆ ನನ್ನ ಅನುಮಾನ ಆರ್‌ಜಿಎಂಐಐ ಮೇಲೆ ಹೋಯಿತು. ಮ್ಯಾಕ್ ಮತ್ತು ಫೈ ನಡುವಿನ ಈ ಬಸ್‌ನಲ್ಲಿ ಗಿಗಾಬಿಟ್ ವೇಗಕ್ಕೆ ಗಡಿಯಾರ (ಕ್ಲಾಕ್ ಸಿಗ್ನಲ್) 125 ಮೆಗಾಹರ್ಟ್ಸ್, ನಾಲ್ಕು ತಂತಿಯಲ್ಲಿ ಗಡಿಯಾರದ ಏರಿಗೂ ಇಳಿಗೂ ಡೇಟಾ. ಅಂದರೆ ಪ್ರತಿ ನಾಲ್ಕು ನ್ಯಾನೋಸೆಕೆಂಡಿಗೆ ಹೊಸ ಡೇಟಾ. ಅದನ್ನು ನಟ್ಟನಡುವೆ ಹಿಡಿಯಲು ಗಡಿಯಾರವನ್ನು ಸುಮಾರು ಎರಡು ನ್ಯಾನೋಸೆಕೆಂಡ್ ತಡ ಮಾಡಬೇಕು. ಈ ತಡವನ್ನು ಫೈ ಸೇರಿಸಬಹುದು, ಮ್ಯಾಕ್ ಸೇರಿಸಬಹುದು, ಬೋರ್ಡ್ ಮೇಲಿನ ತಾಮ್ರದ ಗೆರೆಯನ್ನು ಉದ್ದ ಮಾಡಿಯೂ ತರಬಹುದು. ಯಾರಾದರೂ ಒಬ್ಬರು ಸೇರಿಸಬೇಕು, ಒಬ್ಬರೇ ಸೇರಿಸಬೇಕು.

ನಮ್ಮಲ್ಲಿ ಇಬ್ಬರೂ ಸೇರಿಸಿದ್ದರು. ಫೈ ಪಿನ್ನಿನ ರೆಸಿಸ್ಟರ್ ಒಂದು ಕಡೆ ತಡವನ್ನು ಆನ್ ಮಾಡಿತ್ತು. ಇನ್ನೊಂದು ಕಡೆ ಬೂಟ್‌ಲೋಡರ್ (ಬೋರ್ಡ್ ಆನ್ ಆದಾಗ ಕರ್ನಲ್‌ಗೂ ಮೊದಲು ಓಡುವ ಪ್ರೋಗ್ರಾಂ) ಹಳೇ ಬೋರ್ಡ್‌ನ ಅಭ್ಯಾಸದಂತೆ ಮ್ಯಾಕ್ ರಿಜಿಸ್ಟರ್‌ನಲ್ಲೂ ಅದೇ ಬಿಟ್ ಹಾಕುತ್ತಿತ್ತು. ಎರಡೂ ಕೂಡಿ ನಾಲ್ಕು ನ್ಯಾನೋಸೆಕೆಂಡ್. ಡೇಟಾ ಬದಲಾಗುವ ಹೊತ್ತಿಗೆ ಸರಿಯಾಗಿ ಮ್ಯಾಕ್ ಅದನ್ನು ಓದುತ್ತಿತ್ತು. 100 ಮೆಗಾಬಿಟ್‌ನಲ್ಲಿ ಗಡಿಯಾರ 25 ಮೆಗಾಹರ್ಟ್ಸ್, ಒಂದು ಸುತ್ತಿಗೆ 40 ನ್ಯಾನೋಸೆಕೆಂಡ್. ಅಲ್ಲಿ ನಾಲ್ಕು ಹೆಚ್ಚುಕಡಿಮೆಯಾದರೆ ಲೆಕ್ಕಕ್ಕಿಲ್ಲ.

ಫೈ ಕಡೆಯ ತಡವನ್ನೇ ಉಳಿಸಿಕೊಂಡು ಬೂಟ್‌ಲೋಡರ್‌ನಿಂದ ಆ ಸಾಲು ತೆಗೆದೆವು. ಕರ್ನಲ್‌ಗೆ ಹಾರ್ಡ್‌ವೇರ್ ವಿವರ ಹೇಳುವ ಡಿವೈಸ್ ಟ್ರೀಯಲ್ಲೂ ಆರ್‌ಜಿಎಂಐಐ-ಐಡಿ ಅಂತ ಬರೆದು, ತಡ ಯಾರ ಜವಾಬ್ದಾರಿ ಎಂದು ಎಲ್ಲರಿಗೂ ಕಾಣುವ ಹಾಗೆ ಮಾಡಿದೆವು. ಸಿಆರ್‌ಸಿ ಕೌಂಟರ್ ಸೊನ್ನೆಯಲ್ಲೇ ನಿಂತಿತು.

ಆಮೇಲೆ 64 ಬೈಟಿನ ಫ್ರೇಮ್‌ಗಳನ್ನು ಪೂರ್ತಿ ವೇಗದಲ್ಲಿ ಸುರಿದಾಗ ಮತ್ತೊಂದು ಕೌಂಟರ್ ಏರತೊಡಗಿತು: ಫೀಫೋ ಓವರ್‌ಫ್ಲೋ, ಅಂದರೆ ಮ್ಯಾಕ್‌ನೊಳಗೆ ಫ್ರೇಮ್‌ಗಳು ಕಾಯುವ ಸಾಲು ತುಂಬಿ ತುಳುಕಿದ್ದು. ಇದು ತಂತಿಯ ದೋಷವಲ್ಲ. ಗಿಗಾಬಿಟ್‌ನಲ್ಲಿ ಅಷ್ಟು ಚಿಕ್ಕ ಫ್ರೇಮ್‌ಗಳು ಸೆಕೆಂಡಿಗೆ 14,88,095ರವರೆಗೆ ಬರಬಲ್ಲವು, ಅಂದರೆ 672 ನ್ಯಾನೋಸೆಕೆಂಡಿಗೆ ಒಂದು. ಸಿಪಿಯು ಅಷ್ಟು ಬೇಗ ಡಿಸ್ಕ್ರಿಪ್ಟರ್‌ಗಳನ್ನು (ಫ್ರೇಮನ್ನು ಮೆಮೊರಿಯಲ್ಲಿ ಎಲ್ಲಿ ಇಡಬೇಕೆಂದು ಹೇಳುವ ಚೀಟಿಗಳನ್ನು) ಬಿಡಿಸಿಕೊಡದಿದ್ದರೆ ಫ್ರೇಮ್ ಇಡಲು ಮ್ಯಾಕ್‌ಗೆ ಜಾಗವಿರುವುದಿಲ್ಲ. ಸಿಆರ್‌ಸಿ ಸರಿಯಿದ್ದ ಫ್ರೇಮ್ ಕೂಡ ಕಸಕ್ಕೆ. ಆ ಡಿಸ್ಕ್ರಿಪ್ಟರ್‌ಗಳ ಸಾಲನ್ನು, ಅಂದರೆ ರಿಂಗನ್ನು, ದೊಡ್ಡದು ಮಾಡಿ ನೋಡಿದೆವು. ಅಲ್ಪಸ್ವಲ್ಪ ಹೊತ್ತಿನ ನುಗ್ಗಾಟ ತಡೆದುಕೊಳ್ಳುತ್ತದೆ, ನಿರಂತರ ಸುರಿದರೆ ಇಲ್ಲ. ಅದೀಗ ಡ್ರೈವರ್‌ನವರ ಟೇಬಲ್ ಮೇಲಿದೆ, ಎರಡೂ ಕೌಂಟರ್‌ಗಳ ಸ್ಕ್ರೀನ್‌ಶಾಟ್ ಸಮೇತ.